ಘಟ್ಟದ ಮೇಲೊಂದು ಕಡಲು ಬೇಕೆ?

ನಮ್ಮ ಕಾಲೇಜಿನ ವಾಚನಾಲಯದ ಮೂಲೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿಯನ್ನಿಟ್ಟು, ಅದರಲ್ಲಿ ಉಪ್ಪುನೀರನ್ನು ತುಂಬಿ, ಸಮುದ್ರದ ಅಪರೂಪದ ಬಣ್ಣದ ಮೀನುಗಳನ್ನು ಸಾಕಬೇಕೆಂಬ ಸೂಚನೆಯೊಂದು ವಿದ್ಯಾರ್ಥಿ ಸಂಘದ ಮುಂದೆ ಬಂದಿದೆ. ಬರುವ ವರ್ಷದ ಮೊದಲ ಸಭೆಯಲ್ಲಿ ಅದು ತೀರ್ಮಾನವಾಗಲಿದೆ. ಸೂಚನೆಯನ್ನು ತಂದ ಮಿತ್ರರಲ್ಲಿ ಒಬ್ಬಿಬ್ಬರು ತಮ್ಮ ಮನೆಗಳಲ್ಲಿಯೂ ಇಂಥದೇ ತೊಟ್ಟಿಯನ್ನಿಡಬೇಕೆಂದು ಹಣ ಕೂಡಿಸುತ್ತಿದ್ದಾರೆ. ಈ ವರ್ಷದ ಪರೀಕ್ಷೆ ಮುಗಿದೊಡನೆ ನಾನು ಕಾಲೇಜು ಬಿಡುವುದರಿಂದ ಆ ಸಭೆಯಲ್ಲಿ ನನಗೆ ಮಾತೂ ಇಲ್ಲ, ಮತವೂ ಇಲ್ಲ. ಆದ್ದರಿಂದ ನನ್ನ ಅಭಿಪ್ರಾಯವನ್ನು ಈ ವಾರ್ಷಿಕ ಸಂಚಿಕೆಯಲ್ಲಿಯೇ ಹೇಳಿಬಿಡುತ್ತೇನೆ: ಕಡಲಿನಿಂದ ಹಿಡಿದು ತಂದ ಅಪರೂಪದ ಮೀನು ನಮ್ಮ ಕಾಲೇಜಿಗೂ ಬೇಡ, ನಮ್ಮ ಮನೆಗಳಿಗೂ ಬೇಡ. ಹೀಗೆ ಹೇಳುವುದಕ್ಕೆ ಕಾರಣಗಳುಂಟು. ಗುರುವರ್ಯರೂ ಸಹಪಾಠಿ ಮಿತ್ರರೂ ಅವನ್ನು ಸಮಾಧಾನದಿಂದ ಕೇಳಬೇಕೆಂದು ಪ್ರಾರ್ಥನೆ.

ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವ ಕಲಾ ವಿದ್ಯಾರ್ಥಿಗಳಿಗೆ ಮೀನಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ನನ್ನ ಮಟ್ಟಿಗೆ ಇದು ಬರಿಯ ಪ್ರಾಣಿಶಾಸ್ತ್ರದ ಪ್ರಶ್ನೆಯಲ್ಲ. ಚೆಲುವಾದುದನ್ನು ಕಂಡಾಗ ಅದನ್ನು ತನ್ನದಾಗಿಸಿಕೊಳ್ಳಬೇಕೆಂದು ಮನುಷ್ಯನಿಗೆ ಅನಿಸುತ್ತದೆ. ಈ ಆಸೆಯನ್ನು ಎಲ್ಲಿಯವರೆಗೆ ಬಿಡಬಹುದು, ಎಲ್ಲಿ ತಡೆಯಬೇಕು ಎಂಬುದು ಕಲೆಯನ್ನು ಓದುವವರೇ ಮೊದಲು ಯೋಚಿಸಬೇಕಾದ ವಿಷಯ.

ನಾವು ಘಟ್ಟದ ಮೇಲಿನವರು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನಕ್ಕೆ ಕಡಲು ದೂರವೂ ಅಲ್ಲ, ಹತ್ತಿರವೂ ಅಲ್ಲ. ಶಿರಸಿಯಿಂದ ದೇವಿಮನೆ ಘಟ್ಟವನ್ನಿಳಿದರೆ ಸುಮಾರು 60 ಕಿಲೋಮೀಟರಿಗೆ ಕುಮಟೆ ಸಿಗುತ್ತದೆ. ಕಡಲಿನ ಮೀನು ನಮ್ಮ ಪೇಟೆಗೆ ಬುಟ್ಟಿಯಲ್ಲಿ ಬಂತು. ತಿನ್ನುವವರು ಕೊಂಡರು, ತಿನ್ನದವರು ಮೂಗು ಮುಚ್ಚಿಕೊಂಡು ಆಚೆ ದಾಟಿದರು. ನಮ್ಮ ಬೆಟ್ಟದ ಅಪ್ಪೆಮಿಡಿಯೂ ಸಾಣಿಕಟ್ಟೆಯ ಉಪ್ಪೂ ಉಪ್ಪಿನಕಾಯಿಯ ಭರಣಿಯಲ್ಲಿ ಒಂದಾದವು. ನಮಗೂ ಕಡಲಿಗೂ ಇದ್ದ ಸಂಬಂಧ ಹೆಚ್ಚುಕಡಿಮೆ ಇಷ್ಟೇ. ಈಗ ಅದೇ ಕಡಲಿನ ಮೀನು ಜೀವಸಹಿತವಾಗಿ, ಬಣ್ಣಸಹಿತವಾಗಿ, ಪ್ಲಾಸ್ಟಿಕ್ ಚೀಲದಲ್ಲಿ ಕುಳಿತು ಘಟ್ಟ ಹತ್ತಲು ಸಿದ್ಧವಾಗಿದೆ.

ಆಕರ್ಷಣೆಯೇನೂ ಸುಳ್ಳಲ್ಲ. 2003ರಲ್ಲಿ ಬಂದ ಒಂದು ಚಲನಚಿತ್ರದಿಂದ ಲೋಕಪ್ರಸಿದ್ಧವಾದ ಕ್ಲೌನ್ ಮೀನನ್ನೇ ನೋಡಿರಿ. ಕಿತ್ತಳೆಯ ಮೈ, ಅದರ ಮೇಲೆ ಬಿಳಿಯ ಪಟ್ಟಿ. ಸೀ ಅನಿಮೋನ್ ಎಂಬ, ಹೂವಿನಂತೆ ತೋರುವ ಪ್ರಾಣಿಯ ವಿಷದ ಕೈಗಳ ನಡುವೆ ಅದು ನಿರ್ಭಯವಾಗಿ ಮನೆ ಮಾಡುತ್ತದೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಅದು ಸತ್ತರೆ ಜೊತೆಗಿದ್ದ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಕಡಲಕುದುರೆಗಳಲ್ಲಿ ತತ್ತಿಗಳನ್ನು ಚೀಲದಲ್ಲಿ ಹೊತ್ತು ಮರಿ ಮಾಡುವುದು ಗಂಡಿನ ಪಾಲಿನ ಕೆಲಸ. ಇಂಥ ವಿಸ್ಮಯಗಳನ್ನು ಕಣ್ಣೆದುರಿಗೇ ಕಾಣಬೇಕೆಂದು ಬಯಸುವವರನ್ನು ನಾನು ಹಳಿಯಲಾರೆ. ನನ್ನ ಪ್ರಶ್ನೆಗಳು ಎರಡೇ: ನಮ್ಮಿಂದ ಇದು ಸಾಧ್ಯವೆ? ಸಾಧ್ಯವಾದರೂ ಇದು ಯೋಗ್ಯವೆ?

ಮೊದಲನೆಯದನ್ನು ನೋಡೋಣ. ನಮ್ಮ ಬಾವಿಯಲ್ಲಿ ನೀರಿದೆ, ಅಂಗಡಿಯಲ್ಲಿ ಉಪ್ಪಿದೆ, ಎರಡನ್ನೂ ಕೂಡಿಸಿದರೆ ಕಡಲಾಯಿತು ಎಂದು ಮಿತ್ರರೊಬ್ಬರು ವಾದಿಸಿದರು. ಆಗುವುದಿಲ್ಲ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಮು ಲವಣಗಳಿರುತ್ತವೆ. ಅದರಲ್ಲಿ ನೂರಕ್ಕೆ ಸುಮಾರು 85 ಭಾಗ ಅಡಿಗೆಯ ಉಪ್ಪಿನ ಅಂಶಗಳಾದ ಸೋಡಿಯಂ ಮತ್ತು ಕ್ಲೋರೈಡು, ನಿಜ. ಉಳಿದ ಭಾಗದಲ್ಲಿ ಸಲ್ಫೇಟು, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು ಗೊತ್ತಾದ ಪ್ರಮಾಣದಲ್ಲಿವೆ. ಜೀವ ನಿಂತಿರುವುದು ಅವುಗಳ ಮೇಲೂ ಹೌದು. ನಮ್ಮ ಮಲೆನಾಡಿನ ಬಾವಿಯ ನೀರು ಸಾಬೂನು ಚೆನ್ನಾಗಿ ನೊರೆ ಕೊಡುವ ಮೆದು ನೀರು. ಅದರಲ್ಲಿ ಖನಿಜಗಳು ಕಡಿಮೆ, ಗುಣ ತುಸು ಆಮ್ಲೀಯ. ಕಡಲಿನ ಮೀನಿಗೆ ಬೇಕಾದುದು ಇದಕ್ಕೆ ತದ್ವಿರುದ್ಧವಾದ, 8.1ರಿಂದ 8.4ರಷ್ಟು ಪಿಎಚ್ ಇರುವ ಕ್ಷಾರೀಯ ನೀರು. ಆದುದರಿಂದ ಈ ಕೆಲಸಕ್ಕಾಗಿಯೇ ತಯಾರಿಸಿದ ಲವಣದ ಮಿಶ್ರಣವನ್ನು ಕೊಳ್ಳಬೇಕು. 200 ಲೀಟರಿನ ತೊಟ್ಟಿಗೆ ಒಂದು ಸಲಕ್ಕೆ 7 ಕಿಲೋ ಬೇಕು. ಮುಂದೆಯೂ ನೀರಿನ ಒಂದು ಪಾಲನ್ನು ಮತ್ತೆ ಮತ್ತೆ ಬದಲಿಸುತ್ತಿರಬೇಕು.

ಹಾಗಾದರೆ ಕುಮಟೆಯಿಂದಲೇ ನೀರು ತರೋಣವೆನ್ನುತ್ತಾರೆ. ಬೇಸಿಗೆಯಲ್ಲಿ ತರಬಹುದೇನೋ. ಮಳೆಗಾಲದಲ್ಲಿ ಅಘನಾಶಿನಿ, ಗಂಗಾವಳಿ, ಶರಾವತಿಗಳು ಘಟ್ಟದ ಮಳೆಯನ್ನೆಲ್ಲ ಹೊತ್ತು ಕಡಲಿಗೆ ಸುರಿಯುವಾಗ ದಡದ ನೀರು ಕೆಂಪಾಗಿ, ಅದರ ಉಪ್ಪು ತೆಳ್ಳಗಾಗಿರುತ್ತದೆ. ಆಗ ಕ್ಯಾನಿನಲ್ಲಿ ತುಂಬಿ ತರುವುದು ನಮ್ಮ ಊರಿನಿಂದಲೇ ಹರಿದುಹೋದ ಕೆಸರು!

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯನ್ನು ಕಡಲಿನ ಮೀನು ಅಕ್ಷರಶಃ ಪಾಲಿಸುತ್ತದೆ. ಸುತ್ತಲಿನ ನೀರು ಅದರ ಮೈಯೊಳಗಿನ ರಸಕ್ಕಿಂತ ಉಪ್ಪಾದುದರಿಂದ ಮೈಯ ನೀರು ಸದಾ ಹೊರಗೆ ಹೋಗುತ್ತಿರುತ್ತದೆ. ಅದನ್ನು ತುಂಬಿಕೊಳ್ಳಲು ಮೀನು ಕಡಲ ನೀರನ್ನು ಕುಡಿಯುತ್ತದೆ, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಕ್ಕೆ ಹಾಕುತ್ತದೆ. ಹೊಳೆಯ ಮೀನಿನದು ಇದಕ್ಕೆ ವಿರುದ್ಧ. ನೀರು ತಾನಾಗಿ ಒಳಗೆ ಬರುವುದರಿಂದ ಅದು ಕುಡಿಯುವುದೇ ಅಪರೂಪ. ಗಾಜಿನ ತೊಟ್ಟಿಯ ನೀರು ದಿನವೂ ಆವಿಯಾಗುತ್ತದೆ, ಆದರೆ ಉಪ್ಪು ಅಲ್ಲಿಯೇ ಉಳಿಯುತ್ತದೆ. ನಾಲ್ಕು ದಿನ ಸಿಹಿನೀರು ತುಂಬುವುದನ್ನು ಮರೆತರೆ ಮೀನಿನ ಈ ಲೆಕ್ಕವೆಲ್ಲ ಏರುಪೇರಾಗುತ್ತದೆ. ಕಡಲಿನಲ್ಲಿ ಉಪ್ಪು ಹೀಗೆ ದಿನದಿನಕ್ಕೆ ಏರುವುದಿಲ್ಲ. ಆದ್ದರಿಂದ ಹವಳದ ಬಂಡೆಗಳ ಮೀನಿಗೆ ಅದನ್ನು ತಾಳಿಕೊಳ್ಳುವ ಅಭ್ಯಾಸವೂ ಇಲ್ಲ.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದೇ ಇಲ್ಲ. ಮೀನಿನ ಹೊಲಸಿನಿಂದಲೂ ತಿನ್ನದೆ ಬಿಟ್ಟ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಕ್ಷಾರೀಯ ನೀರಿನಲ್ಲಿ ಅದರ ವಿಷ ಹೆಚ್ಚು. ಈ ಅಮೋನಿಯವನ್ನು ಒಂದು ಜಾತಿಯ ಸೂಕ್ಷ್ಮಾಣುಗಳು ನೈಟ್ರೈಟಾಗಿಯೂ, ಇನ್ನೊಂದು ಜಾತಿಯವು ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸಬೇಕು. ಅವು ಬೆಳೆದು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟು ದಿನ ಒಂದೂ ಮೀನಿಲ್ಲದ ತೊಟ್ಟಿಯನ್ನು ನೋಡುತ್ತ ಕೂಡುವ ತಾಳ್ಮೆ ಯಾರಿಗುಂಟು? ಸೋಮವಾರ ತೊಟ್ಟಿ ತಂದು ಬುಧವಾರ ಮೀನು ಬಿಟ್ಟರೆ, ತಿಂಗಳೊಳಗೆ ಒಂದೊಂದಾಗಿ ಎತ್ತಿ ಹಾಕಬೇಕಾಗುತ್ತದೆ. ಆಗ ಅಂಗಡಿಯವನು ಕೊಟ್ಟ ಮೀನೇ ಸರಿಯಿರಲಿಲ್ಲವೆಂದು ಹೇಳಿ ಮತ್ತೆ ನಾಲ್ಕು ತರುವುದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬೆಂಗಳೂರಿನಲ್ಲಿ ಕುಳಿತವರಿಗೆ ನಮ್ಮ ಮಳೆಗಾಲ ಗೊತ್ತಿಲ್ಲ, ನಮಗೆ ಗೊತ್ತಿದೆ. ಜೂನ್ ತಿಂಗಳಲ್ಲಿ ಗಾಳಿ ಎದ್ದು ತಂತಿಯ ಮೇಲೆ ಮರ ಬಿದ್ದಿತೆಂದರೆ ಹಳ್ಳಿಯ ಮನೆಗಳಲ್ಲಿ ಒಮ್ಮೊಮ್ಮೆ ಎರಡು ಮೂರು ದಿನ ಕರೆಂಟು ಇಲ್ಲ. ದೀಪವಿಲ್ಲದಿದ್ದರೆ ನಾವು ಲಾಟೀನು ಹಚ್ಚಿಕೊಳ್ಳುತ್ತೇವೆ. ಆದರೆ ತೊಟ್ಟಿಯ ನೀರನ್ನು ಚಲಿಸುವ ಪಂಪು ನಿಂತರೆ ಮೀನು ಏನು ಹಚ್ಚಿಕೊಳ್ಳಬೇಕು? ಒಂದೇ ಉಷ್ಣತೆಯಲ್ಲಿ ಸಿಹಿನೀರಿಗಿಂತ ಉಪ್ಪುನೀರು ಕಡಿಮೆ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ನೀರು ನಿಂತ ಕೆಲವು ಗಂಟೆಗಳಲ್ಲಿಯೇ ಮೀನಿಗೆ ಉಸಿರು ಕಟ್ಟಲು ತೊಡಗುತ್ತದೆ, ಅತ್ತ ಆ ಉಪಕಾರಿ ಸೂಕ್ಷ್ಮಾಣುಗಳೂ ಸಾಯತೊಡಗುತ್ತವೆ. ಇನ್ವರ್ಟರು ಒಂದು ರಾತ್ರಿಯನ್ನು ಕಳೆಯಬಹುದು, ಮೂರು ದಿನಗಳನ್ನಲ್ಲ. ಮಾಗಿಯ ಚಳಿಯಲ್ಲಿ ನೀರನ್ನು ಬೆಚ್ಚಗಿಡುವುದಕ್ಕೂ ಅದೇ ಕರೆಂಟು ಬೇಕು.

ಕಾಲೇಜಿನದು ಬೇರೊಂದು ಕಷ್ಟ. ನಮಗೆ ಭಾನುವಾರವಿದೆ, ದಸರೆಯಿದೆ, ದೀಪಾವಳಿಯಿದೆ, ಬೇಸಿಗೆಯ ರಜೆಯಿದೆ. ಮೀನಿನ ಹಸಿವಿಗೆ ಪಂಚಾಂಗವಿಲ್ಲ. ರಜೆಯಲ್ಲಿ ನೀರು ನೋಡುವವರು ಯಾರು? ಕೊನೆಗೆ ಆ ಹೊರೆ ಕಾಲೇಜಿನ ಜವಾನರ ಹೆಗಲಿಗೇ ಬೀಳುತ್ತದೆ. ಸೂಚನೆಯನ್ನು ತರುವ ಮೊದಲು ಅವರನ್ನು ಒಂದು ಮಾತು ಕೇಳಿದವರಿಲ್ಲ. ಕ್ಲೌನ್ ಮೀನು ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ನಾವು ಇಲ್ಲಿರುವುದು ಮೂರು ವರ್ಷ. ಒಂದು ತಂಡದ ಉತ್ಸಾಹವನ್ನು ಮುಂದಿನ ಮೂರು ತಂಡಗಳ ಕೊರಳಿಗೆ ಕಟ್ಟುವ ಹಕ್ಕು ನಮಗೆ ಎಲ್ಲಿಂದ ಬಂತು?

ಈ ಕಷ್ಟಗಳನ್ನೆಲ್ಲ ಹಣದಿಂದಲೂ ಶ್ರದ್ಧೆಯಿಂದಲೂ ಗೆಲ್ಲುವವರಿದ್ದಾರೆ ಎನ್ನೋಣ. ಆಗ ಎರಡನೆಯ ಪ್ರಶ್ನೆ: ಇದು ಯೋಗ್ಯವೆ? ಅಪರೂಪದ ಮೀನುಗಳಲ್ಲಿ ಹಲವು ಅಪರೂಪವಾಗಿರುವುದು ಅವುಗಳ ಆಹಾರದ ಅಥವಾ ನೆಲೆಯ ಬಿಗಿಯಿಂದ. ಮ್ಯಾಂಡರಿನ್ ಎಂಬ ಚಿತ್ರಪಟದಂಥ ಪುಟ್ಟ ಮೀನು ದಿನವಿಡೀ ಬಂಡೆಯ ಸಂದಿನಿಂದ ಕಣದಷ್ಟು ಚಿಕ್ಕ ಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಒಣ ಆಹಾರವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಚಿಟ್ಟೆಮೀನುಗಳಲ್ಲಿ ಕೆಲವು ಜಾತಿಗಳು ಜೀವಂತ ಹವಳವನ್ನಲ್ಲದೆ ಬೇರೊಂದನ್ನು ತಿನ್ನವು. ಕಡಲಕುದುರೆಗೆ ಜಠರವೇ ಇಲ್ಲ. ತಿಂದುದು ಬೇಗ ಹಾದುಹೋಗುವುದರಿಂದ ಅದು ಮೇಲಿಂದ ಮೇಲೆ ತಿನ್ನುತ್ತಿರಬೇಕು. ಇಂಥವು ನಮ್ಮ ತೊಟ್ಟಿಯಲ್ಲಿ ಒಮ್ಮೆಲೇ ಸಾಯುವುದಿಲ್ಲ. ವಾರಗಟ್ಟಲೆ ಉಪವಾಸವಿದ್ದು ಸಾಯುತ್ತವೆ. ಆವರೆಗೂ ಮೈಯ ಬಣ್ಣ ಹೊಳೆಯುತ್ತಲೇ ಇರುವುದರಿಂದ ಹಸಿವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನೆಂಟರು ಬಂದು ಎಷ್ಟು ಚೆಂದವೆಂದು ಹೊಗಳುತ್ತಿರುವಾಗಲೇ ಒಳಗೆ ಒಂದು ಜೀವ ಬತ್ತುತ್ತಿರುತ್ತದೆ.

ಅವು ಬರುವುದಾದರೂ ಎಲ್ಲಿಂದ? ಅಂಗಡಿಯಲ್ಲಿ ಸಿಗುವ ಸಿಹಿನೀರಿನ ಬಣ್ಣದ ಮೀನುಗಳಲ್ಲಿ ಬಹುಪಾಲು ಸಾಕಣೆಯ ಕೊಳಗಳಲ್ಲಿ ಹುಟ್ಟಿದವು. ಸಮುದ್ರದವುಗಳಲ್ಲಿ ಬಹುಪಾಲು ಹವಳದ ಬಂಡೆಗಳಿಂದ ಹಿಡಿದು ತಂದವು. ಹಿಡಿಯುವ ಬಗೆಯೂ ಎಲ್ಲ ಕಡೆ ಸೌಮ್ಯವಲ್ಲ. 1960ರ ದಶಕದಲ್ಲಿ ಫಿಲಿಪೈನ್ಸ್ ದ್ವೀಪಗಳಲ್ಲಿ ಆರಂಭವಾದ ಒಂದು ಪದ್ಧತಿಯಲ್ಲಿ ಹವಳದ ಸಂದುಗಳಿಗೆ ಸಯನೈಡ್ ನೀರನ್ನು ಚಿಮ್ಮಿಸಿ, ಮಂಪರು ಕವಿದ ಮೀನನ್ನು ಹಿಡಿಯುತ್ತಾರೆ. ಹಿಡಿದ ಮೀನು ಬದುಕಿದರೂ ಹವಳ ಸಾಯುತ್ತದೆ. ಇಂಡೋನೇಷ್ಯದ ಬಂಗ್ಗಾಯಿ ದ್ವೀಪಗಳಲ್ಲಿ ಮಾತ್ರವೇ ಸಹಜವಾಗಿದ್ದ ಒಂದು ಕಾರ್ಡಿನಲ್ ಮೀನು 1990ರ ದಶಕದಲ್ಲಿ ಹವ್ಯಾಸಿಗಳ ಕಣ್ಣಿಗೆ ಬಿತ್ತು. 2007ರ ಹೊತ್ತಿಗೆ ಅದು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಅಷ್ಟು ದೂರವೇಕೆ? ನಮ್ಮದೇ ಸಹ್ಯಾದ್ರಿಯ ದಕ್ಷಿಣದ ಹೊಳೆಗಳಲ್ಲಿದ್ದ, ಮಿಸ್ ಕೇರಳ ಎಂದು ಹೆಸರಾದ ಕೆಂಪುಗೆರೆಯ ಮೀನಿಗೂ ಗಾಜಿನ ತೊಟ್ಟಿಯ ಬೇಡಿಕೆಯೇ ಮೃತ್ಯುವಾಗತೊಡಗಿತು. ಅಪರೂಪದ್ದಕ್ಕೆ ಬೆಲೆ ಹೆಚ್ಚು. ಬೆಲೆ ಹೆಚ್ಚಿದಷ್ಟೂ ಹಿಡಿಯುವವರು ಹೆಚ್ಚು. ಹಿಡಿದಷ್ಟೂ ಅದು ಇನ್ನೂ ಅಪರೂಪ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಸರಪಳಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆಗೂ ಒಂದು ಹವಳದ ನೆಲೆಯಿದೆಯೆಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ. ಮುರ್ಡೇಶ್ವರದ ತೀರದಿಂದ ಸುಮಾರು 20 ಕಿಲೋಮೀಟರು ಕಡಲೊಳಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಚಿಟ್ಟೆಮೀನುಗಳಿವೆ, ಗಿಣಿಯಂಥ ಕೊಕ್ಕಿನ ಮೀನುಗಳಿವೆ. ಮುಳುಗಿ ನೋಡುವವರು ಈಗ ದೂರದೂರದಿಂದ ಅಲ್ಲಿಗೆ ಬರುತ್ತಾರೆ. ಘಟ್ಟದ ಮೇಲೆ ಮನೆಮನೆಗೂ ಕಡಲ ಮೀನಿನ ಹುಚ್ಚು ಹತ್ತಿದರೆ ಹಿಡಿಯುವವರ ಕಣ್ಣು ಮೊದಲು ಎಲ್ಲಿಗೆ ಹೋದೀತು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯ 2001ರಿಂದ ಹವಳಗಳಿಗೂ ಕಡಲಕುದುರೆಗಳಿಗೂ ಇದೆ. ಆದ್ದರಿಂದ ತೊಟ್ಟಿಯ ಅಲಂಕಾರಕ್ಕೆ ಒಂದು ತುಂಡು ಜೀವಂತ ಹವಳ ಬೇಕೆನ್ನುವವರು ಅಂದದ ಜೊತೆಗೆ ಕಾನೂನನ್ನೂ ನೆನೆಯಬೇಕು.

ಅಕ್ವೇರಿಯಂ ಎಂಬ ಹೆಸರಿಗೇ ಈ ಪಾಠ ಅಂಟಿಕೊಂಡಿದೆ. ಈ ಶಬ್ದವನ್ನು ಬಳಕೆಗೆ ತಂದವನು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. 1854ರಲ್ಲಿ ಅವನ ಗ್ರಂಥ ಇದೇ ಹೆಸರಿನಿಂದ ಪ್ರಕಟವಾಯಿತು. ಕಡಲ ದಡದ ಬಂಡೆಗಳ ನಡುವೆ ನೀರು ನಿಂತ ಕುಳಿಗಳಲ್ಲಿದ್ದ ಜೀವಸೌಂದರ್ಯವನ್ನು ಅವನು ಜನಕ್ಕೆ ತೋರಿಸಿಕೊಟ್ಟ. ಜನ ನೋಡಿ ತೃಪ್ತರಾಗಲಿಲ್ಲ. ಬಕೆಟ್ಟು, ಬಲೆ ಹಿಡಿದು ದಡಕ್ಕೆ ನುಗ್ಗಿದರು. ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ ‘ಫಾದರ್ ಅಂಡ್ ಸನ್’ ಎಂಬ ಕೃತಿಯಲ್ಲಿ, ತಂದೆಯೊಡನೆ ತಾನು ಬಾಲ್ಯದಲ್ಲಿ ಕಂಡ ಆ ಕುಳಿಗಳು ಸಂಗ್ರಹಕಾರರ ಕೈಯಲ್ಲಿ ಬರಿದಾಗಿ ಹೋದುದನ್ನು ಹೇಳಿ ಮರುಗಿದ್ದಾನೆ. ತಂದೆಗೂ ಅದು ನೋವಿನ ಸಂಗತಿಯಾಗಿತ್ತು. ಪ್ರೀತಿಯನ್ನು ಕಲಿಸಹೋದವನಿಂದಲೇ ಲೂಟಿಗೆ ದಾರಿಯಾಯಿತು.

ಇದಕ್ಕೊಂದು ಪ್ರತಿವಾದವಿದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ಕಾಣದುದನ್ನು ಯಾರೂ ಪ್ರೀತಿಸರು, ಪ್ರೀತಿಸದುದನ್ನು ಯಾರೂ ಕಾಯರು. ಎಷ್ಟೋ ಮೀನುಗಳ ನಡೆನುಡಿಯನ್ನು ಮೊದಲು ಗಮನಿಸಿದವರು ಮನೆಯಲ್ಲಿ ಸಾಕಿದ ಹವ್ಯಾಸಿಗಳೇ ಎನ್ನುತ್ತಾರೆ. ಇದು ಸರಿಯಾದ ಮಾತು. ಆದ್ದರಿಂದಲೇ ನಾನು ಸಾಕುವುದನ್ನೆಲ್ಲ ಬೇಡವೆನ್ನುತ್ತಿಲ್ಲ. ಕಡಲಿನಿಂದ ಹಿಡಿದು ತಂದುದು ಬೇಡ, ಅಷ್ಟೆ. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮೊಟ್ಟೆಯಿಡಿಸಿ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲಿ ರೂಪಿಸಿದೆ. ಅದರ ಒಂದು ಕೇಂದ್ರ ನಮ್ಮ ಕಾರವಾರದಲ್ಲಿಯೇ ಇದೆ. ತೊಟ್ಟಿಯಲ್ಲಿ ಹುಟ್ಟಿದ ಮರಿ ತೊಟ್ಟಿಯ ಆಹಾರಕ್ಕೆ ಒಗ್ಗಿರುತ್ತದೆ. ಅದಕ್ಕಾಗಿ ಯಾವ ಬಂಡೆಯನ್ನೂ ಬರಿದು ಮಾಡಬೇಕಾಗಿಲ್ಲ.

ಮನೆಯಲ್ಲಿ ಸಾಕಲೇಬೇಕೆಂಬ ಮಿತ್ರರಿಗೆ ನನ್ನ ವಿನಂತಿ ಇದು. ಮೊದಲ ಒಂದು ವರ್ಷ ಸಿಹಿನೀರಿನ ಮೀನನ್ನೇ ಸಾಕಿರಿ. ಒಂದು ಮಳೆಗಾಲವನ್ನು ಅವುಗಳೊಡನೆ ದಾಟಿರಿ. ದಾಟಿದ ಮೇಲೂ ಆಸೆ ಉಳಿದಿದ್ದರೆ ಸಾಧ್ಯವಾದಷ್ಟು ದೊಡ್ಡ ತೊಟ್ಟಿಯನ್ನು ಕೊಳ್ಳಿರಿ, ಏಕೆಂದರೆ ನೀರು ಹೆಚ್ಚಿದ್ದಷ್ಟೂ ಏರುಪೇರು ಕಡಿಮೆ. ನೀರು ಹದಗೊಳ್ಳುವವರೆಗೆ ಕಾಯಿರಿ. ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಮೀನು ಎಲ್ಲಿ ಹುಟ್ಟಿತೆಂದು ಕೇಳಿರಿ. ಉತ್ತರ ಬಾರದಿದ್ದರೆ ಬರಿಗೈಯಲ್ಲಿ ಮನೆಗೆ ಬನ್ನಿರಿ. ಬೇಸರ ಬಂತೆಂದು ಯಾವ ಮೀನನ್ನೂ ತಂದು ನಮ್ಮ ಕೆರೆಹೊಳೆಗಳಿಗೆ ಬಿಡಬೇಡಿರಿ. ಕಡಲಿನದಾದರೆ ಅಲ್ಲಿ ತಾನೇ ಸಾಯುತ್ತದೆ, ಸಿಹಿನೀರಿನ ಪರದೇಶದ ಮೀನಾದರೆ ಊರಿನ ಮೀನನ್ನು ಸಾಯಿಸೀತು.

ಕಾಲೇಜಿಗೆ ನಾನು ಬೇರೊಂದು ಸೂಚನೆಯನ್ನು ಮಾಡುತ್ತೇನೆ. ತೊಟ್ಟಿಗೆಂದು ಕೂಡಿಸಲಿರುವ ಹಣದಿಂದ ವರ್ಷಕ್ಕೊಂದು ಸಲ ವಿದ್ಯಾರ್ಥಿಗಳನ್ನು ಕಡಲಿಗೆ ಕರೆದೊಯ್ಯೋಣ. ಶಿರಸಿಯ ಬಳಿ ಹುಟ್ಟುವ ಅಘನಾಶಿನಿಯನ್ನು ಅನುಸರಿಸಿ ಹೊರಡಬಹುದು. ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಅದು 116 ಮೀಟರು ಧುಮುಕುತ್ತದೆ. ದೊಡ್ಡ ಅಣೆಕಟ್ಟೊಂದೂ ಇಲ್ಲದೆ ಕುಮಟೆಯ ಬಳಿ ಕಡಲನ್ನು ಸೇರುತ್ತದೆ. ಅದರ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ. ನೀರು ಇಳಿದ ಹೊತ್ತಿನಲ್ಲಿ ಅಲ್ಲಿಯ ಜನ ಬಳಚು ಹೆಕ್ಕುವುದನ್ನು ನೋಡಬಹುದು. ಯಲ್ಲಾಪುರದ ಮಿತ್ರರು ಮಾಗೋಡಿನಲ್ಲಿ ಧುಮುಕುವ ತಮ್ಮ ಬೇಡ್ತಿ ಗಂಗಾವಳಿಯಾಗಿ ಕಡಲು ಸೇರುವ ದಾರಿಯನ್ನು ಹಿಡಿಯಲಿ. ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ, ಇಳಿತದ ಹೊತ್ತಿಗೆ, ಗೋಕರ್ಣದ ಬಂಡೆಗಲ್ಲುಗಳ ನಡುವಿನ ಕುಳಿಗಳ ಬಳಿ ಅರ್ಧ ಗಂಟೆ ಸುಮ್ಮನೆ ಕುಳಿತರೆ ಸಾಕು. ಏಡಿ, ಶಂಖದ ಹುಳು, ಪುಟ್ಟ ಮೀನು ತಾವಾಗಿ ಹೊರಬರುತ್ತವೆ. ಪಂಪು ಬೇಡ, ಲವಣದ ಪೊಟ್ಟಣ ಬೇಡ. ನೋಡಿ, ಬರೆದುಕೊಂಡು, ಏನನ್ನೂ ತಾರದೆ ಹಿಂದಿರುಗಿದರಾಯಿತು.

ಇದು ಹೊಸ ಬುದ್ಧಿಯೇನೂ ಅಲ್ಲ. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ದೇವರ ಮೀನುಗಳಿವೆ. ಜನ ಮೆಟ್ಟಿಲ ಮೇಲೆ ನಿಂತು ಹಿಡಿ ಮಂಡಕ್ಕಿ ಎಸೆದು, ತೋಳುದ್ದದ ಮೀನುಗಳು ಬಾಯಿ ತೆರೆಯುವುದನ್ನು ಕಂಡು, ಮಕ್ಕಳಿಗೆ ತೋರಿಸಿ, ಮನೆಗೆ ಬರುತ್ತಾರೆ. ಒಂದನ್ನು ಹಿಡಿದು ತಂದು ನಡುಮನೆಯಲ್ಲಿಡಬೇಕೆಂದು ಅವರಿಗೆ ತೋಚಲಿಲ್ಲ. ಅವರ ಪ್ರೀತಿ ಅದರಿಂದೇನೂ ಕಡಿಮೆಯಾಗಲಿಲ್ಲ. ಬರುವ ವರ್ಷ ಸಭೆಯಲ್ಲಿ ಕೈಯೆತ್ತುವ ಮಿತ್ರರು ಇದನ್ನಿಷ್ಟು ಯೋಚಿಸಲಿ. ತೊಟ್ಟಿಯ ಸೂಚನೆ ಬಿದ್ದುಹೋಗಿ ಪ್ರವಾಸದ ಸೂಚನೆ ಗೆದ್ದರೆ, ಮೊದಲ ಪ್ರವಾಸಕ್ಕೆ ಹಳೆಯ ವಿದ್ಯಾರ್ಥಿಯ ಲೆಕ್ಕದಲ್ಲಿ ನನ್ನ ವಂತಿಗೆಯನ್ನು ನಾನು ಸಂತೋಷದಿಂದ ಕೊಡುತ್ತೇನೆ.